ಕಟ್ಟಿಸಿದ ಹಲ್ಲು

ಮೇಸ್ತ್ರಿಯ ಮೇಲ್ದವಡೆಯಲ್ಲಿ ಉಳಿದಿದ್ದ ಕೊನೆಯ ಐದು ಹಲ್ಲುಗಳನ್ನು ಡಾಕ್ಟರು ಒಂದೇ ದಿನ ಕಿತ್ತರು. ಒಸಡು ಕೊಳೆತಿದೆ, ಉಳಿಸಿಕೊಂಡರೆ ಕೆಳಗಿನವಕ್ಕೂ ಕಂಟಕ ಎಂದರಂತೆ. ಇಪ್ಪತ್ತೆರಡು ವರ್ಷ ಸುರಂಗ ಕೊರೆದ ಮನುಷ್ಯ ಅವನು. ಹೆಗಲ ಮೇಲೆ ಬಂಡೆಯ ಚೂರು ಬಿದ್ದ ದಿನವೂ ಊಟ ಬಿಟ್ಟವನಲ್ಲ. ಅವತ್ತು ಮಾತ್ರ ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತು, ತಟ್ಟೆಯನ್ನು ನೋಡುತ್ತ ಉಳಿದುಬಿಟ್ಟ.

"ಬಾ ಮಗನೇ," ಎಂದಳು ಅವನ ತಾಯಿ. ಎಂಬತ್ತು ದಾಟಿದ ಅಜ್ಜಿಯ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. "ಇವತ್ತಿಂದ ನಾವಿಬ್ರೂ ಓರಗೆಯವರು."

ಹೆಂಡತಿಗೆ ನಗು ಬಂತು, ಸೆರಗಿನಲ್ಲಿ ಮುಚ್ಚಿಕೊಂಡಳು. ಮಗಳಿಗೆ ಬರಲಿಲ್ಲ. ಅವಳು ಅದೇ ಸುರಂಗದ ಬಾಯಲ್ಲಿರುವ ಲ್ಯಾಂಪ್ ರೂಮಿನಲ್ಲಿ ಕೆಲಸಕ್ಕಿದ್ದಳು. ಪಾಳಿಗೆ ಇಳಿಯುವ ಪ್ರತಿಯೊಬ್ಬನಿಗೂ ತಲೆಗೊಂದು ದೀಪ, ಸೊಂಟಕ್ಕೊಂದು ಉಸಿರು ಡಬ್ಬಿ ಕೊಟ್ಟು, ಹೊರಬಂದಾಗ ವಾಪಸ್ ತೆಗೆದುಕೊಳ್ಳುವುದು ಅವಳ ಕೆಲಸ. ಡಬ್ಬಿಗೆ ಕಾಗದದ ಮೇಲೆ ಉದ್ದನೆಯ ಹೆಸರಿತ್ತು, ಅದನ್ನು ಯಾರೂ ಬಳಸುತ್ತಿರಲಿಲ್ಲ. ಒಳಗೆ ಬೆಂಕಿ ಹತ್ತಿ ಹೊಗೆ ತುಂಬಿದರೆ ಮುಚ್ಚಳ ಕಿತ್ತು, ಮೂಗಿಗೆ ಕ್ಲಿಪ್ ಹಾಕಿ, ರಬ್ಬರಿನ ಕೊಳವೆಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳಬೇಕು. ಡಬ್ಬಿಯೊಳಗಿನ ಪುಡಿ ಅರ್ಧ ಗಂಟೆ ಗಾಳಿ ಕೊಡುತ್ತದೆ. ಸುರಂಗದ ತುದಿಯಿಂದ ಆಸರೆ ಕೋಣೆಗೆ, ಅಂದರೆ ಬಾಗಿಲು ಹಾಕಿಕೊಂಡು ಕೂರಬಹುದಾದ ಕಬ್ಬಿಣದ ಕೋಣೆಗೆ, ಹೊಗೆಯಲ್ಲಿ ಬಗ್ಗಿ ನಡೆದರೆ ಇಪ್ಪತ್ತು ನಿಮಿಷ.

"ಅಪ್ಪ, ಮುಂದಿನ ತಿಂಗಳು ಡ್ರಿಲ್ಲು," ಎಂದಳು ಮಗಳು. "ಏನು ಕಚ್ತೀರಿ?"

ಮೇಸ್ತ್ರಿ ಬಾಯಲ್ಲಿದ್ದ ಹತ್ತಿ ಉಗಿದು, "ನಿನ್ನ ತಲೆ," ಎಂದ.

ಆರು ತಿಂಗಳಿಗೊಮ್ಮೆ ಈ ಹೊಗೆಯ ಡ್ರಿಲ್ಲು. ಅಭ್ಯಾಸದ ಡಬ್ಬಿ ಹಾಕಿಕೊಂಡು ಇಪ್ಪತ್ತು ನಿಮಿಷ ನಡೆಯಬೇಕು; ಒಂದು ಕೈ ಗೋಡೆಯ ಹಗ್ಗದ ಮೇಲೆ, ಇನ್ನೊಂದು ಮುಂದಿನವನ ಬೆಲ್ಟಿನ ಮೇಲೆ. ಕೊಳವೆಯನ್ನು ಕೈಯಲ್ಲಿ ಹಿಡಿದುಕೊಳ್ಳುವ ಹಾಗಿಲ್ಲ. ಅದು ಬಾಯಿಂದ ಜಾರಿದರೆ ಆ ಮನುಷ್ಯ ಒಳಗೆ ಇಳಿಯುವ ಹಾಗಿಲ್ಲ, ಹೊರಗಿನ ಕೆಲಸ. ಹೊರಗಿನ ಕೆಲಸಕ್ಕೆ ಒಳಗಿನ ಭತ್ಯೆ ಇಲ್ಲ, ಮೇಸ್ತ್ರಿ ಎಂಬ ಹೆಸರೂ ಇಲ್ಲ. ಡ್ರಿಲ್ಲು ಮಾಡಿಸಿ ಸಹಿ ಹಾಕುವವಳು ಮಗಳೇ.

ಮರುದಿನ ಅವಳು ಸವೆದುಹೋಗಿದ್ದ ಒಂದು ಅಭ್ಯಾಸದ ಡಬ್ಬಿಯನ್ನು ಮನೆಗೆ ತಂದಳು. ಮೇಸ್ತ್ರಿ ಗೋಡೆಗೆ ಮುಖ ಮಾಡಿ ಕೊಳವೆ ಬಾಯಿಗಿಟ್ಟುಕೊಂಡ. ಕೆಳಗಿನ ಹಲ್ಲು ಹಿಡಿಯಿತು, ಮೇಲಿನ ಒಸಡು ಹಿಡಿಯಲಿಲ್ಲ. ನಾಲ್ಕು ಹೆಜ್ಜೆಗೆ ಕೊಳವೆ ಎದೆಯ ಮೇಲೆ ಬಿತ್ತು.

"ಗಾಯ ಹಸಿ ಇದೆ, ಅದಕ್ಕೇ," ಎಂದಳು ಹೆಂಡತಿ. ಆಮೇಲೆ ಮಗಳ ಕಡೆ ತಿರುಗಿ, "ಅಷ್ಟಕ್ಕೂ ನಿನ್ನ ಕೈಲಿರೋದು ಒಂದು ಪೆನ್ನಿನ ಗೀಟು. ಬೇರೆಯವರ ಮಗಳಾಗಿದ್ರೆ ಕಾಡಿ ಬೇಡ್ಬೇಕಿತ್ತು," ಎಂದಳು.

"ಅಮ್ಮ, ಅದು ಗೀಟಲ್ಲ."

"ಮತ್ತೇನದು?"

"ಹೊಗೆ ಬಂದ್ರೆ ಈ ಮನುಷ್ಯ ನಡ್ಕೊಂಡು ಹೊರಗೆ ಬರ್ತಾನೆ ಅಂತ ನಾನು ಬರ್ದು ಕೊಡೋ ಮಾತು."

"ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಸಲ ಬಂದಿದೆ ಹೊಗೆ?"

"ಒಂದು ಸಲ," ಎಂದ ಮೇಸ್ತ್ರಿ. ಆ ಒಂದು ಸಲದ ಬಗ್ಗೆ ಆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಹೆಂಡತಿ ಎದ್ದು ಪಾತ್ರೆ ತೊಳೆಯಲು ಹೋದಳು.

ಹಲ್ಲು ಕಟ್ಟಿಸೋಣ ಎಂದದ್ದು ಮಗಳು. ಅದನ್ನು ಇಲ್ಲೇ ಹೇಳಿಬಿಡಬೇಕು, ಆಮೇಲೆ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಿದ ಹಾಗಾಗಬಾರದು. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಕಾಲು ನೋವೆಂದು ಹೊಲಿಗೆ ಯಂತ್ರಕ್ಕೆ ಮೋಟಾರು ಹಾಕಿಸಲು ಒಂದಷ್ಟು ಕೂಡಿಟ್ಟಿದ್ದಳು. ಮೋಟಾರು ಹಲ್ಲಾಯಿತು. "ಇನ್ನೊಂದು ವರ್ಷ ತುಳೀತೀನಿ, ಸತ್ತೇನೂ ಹೋಗಲ್ಲ," ಎಂದು ದುಡ್ಡು ಕೊಟ್ಟಳು. ಕೊಟ್ಟ ಮೇಲೆ ಎರಡು ದಿನ ಎಲ್ಲರ ಮೇಲೂ ಹರಿಹಾಯ್ದಳು.

ಮೂರನೇ ವಾರಕ್ಕೆ ಹಲ್ಲು ಬಂತು, ಅಲ್ಲಿಯವರೆಗೆ ಮೇಸ್ತ್ರಿ ರಜೆಯಲ್ಲಿದ್ದ. ಸಾಲಾಗಿ, ಬೆಳ್ಳಗೆ, ಮೂವತ್ತು ವರ್ಷದವನ ಹಲ್ಲು. ಜೊತೆಗೆ ಅಂಟಿಸಿಕೊಳ್ಳಲು ಒಂದು ಟ್ಯೂಬು.

"ನಿಮ್ಮದಕ್ಕಿಂತ ಇದೇ ಚೆನ್ನಾಗಿದೆ," ಎಂದಳು ಹೆಂಡತಿ. ಬಹಳ ದಿನದ ಮೇಲೆ ಗಂಡನ ಮುಖವನ್ನು ನೆಟ್ಟಗೆ ನೋಡಿದ್ದಳು.

ಅಲ್ಲಿಂದ ದಿನವೂ ಸಂಜೆ ಇಪ್ಪತ್ತು ನಿಮಿಷ ಅಭ್ಯಾಸ. ಮೂಗಿಗೆ ಕ್ಲಿಪ್ಪು, ಬಾಯಲ್ಲಿ ಕೊಳವೆ, ಎರಡೂ ಕೈ ಖಾಲಿ ಇರಬೇಕು. ಖಾಲಿ ಕೈ ಕಂಡರೆ ಹೆಂಡತಿ ಬಿಡುವವಳಲ್ಲ. ಒಂದು ದಿನ ಆಲೂಗಡ್ಡೆ ಸುಲಿಸಿದಳು, ಇನ್ನೊಂದು ದಿನ ಒಣಗಿದ ಬಟ್ಟೆ ಮಡಿಸಿದ್ದಾಯಿತು, ಕಿಟಕಿಯ ಧೂಳು ಹೊಡೆದದ್ದಾಯಿತು. ಮೇಸ್ತ್ರಿ ಸುಮ್ಮನೆ ಮಾಡಿದ, ಬಾಯಿ ತುಂಬಿದ್ದಾಗ ಎದುರುತ್ತರ ಕೊಡುವುದು ಹೇಗೆ? ಇದನ್ನು ಎಲ್ಲರಿಗಿಂತ ಮೊದಲು ಪತ್ತೆ ಹಚ್ಚಿದವಳು ಅಜ್ಜಿ. ಗಡಿಯಾರದ ಮುಳ್ಳು ಆರಕ್ಕೆ ಬರುತ್ತಲೇ ಕುರ್ಚಿ ಎಳೆದುಕೊಂಡು ಮಗನ ಎದುರು ಕೂರುತ್ತಿದ್ದಳು.

"ನಿಮ್ಮಪ್ಪನ ಕೈಗಡಿಯಾರ ಮಾರಿ ಸೈಕಲ್ ತಗೊಂಡ್ಯಲ್ಲ, ಅದನ್ನ ನಾನು ಮರೆತಿದೀನಿ ಅಂದ್ಕೊಂಡಿದೀಯ?"

ಮೇಸ್ತ್ರಿ ತಲೆಯಲ್ಲಾಡಿಸಿದ.

"ಮಾತಾಡ್ಬೇಡ, ಬೀಳುತ್ತೆ. ಇನ್ನೂ ಹದಿನಾಲ್ಕು ನಿಮಿಷ ಇದೆ, ಕೇಳಿಸ್ಕೋ."

ಮಗಳು ನಕ್ಕಳು. ಆ ಎರಡು ವಾರ ಮನೆ ಹಗುರಾಗಿತ್ತು. ಹಲ್ಲು ಅಲುಗಲಿಲ್ಲ, ಕೊಳವೆ ಬೀಳಲಿಲ್ಲ.

ಡ್ರಿಲ್ಲಿನ ದಿನ ಮೇಸ್ತ್ರಿಯ ತಂಡದ ಹದಿನಾಲ್ಕು ಜನರೂ ಸಾಲಾಗಿ ನಡೆದರು. ಮುಂದೆ ಮೇಸ್ತ್ರಿ. ಇಪ್ಪತ್ತು ನಿಮಿಷಕ್ಕೆ ಮಗಳು ಸೀಟಿ ಊದಿದಾಗ ಅವನ ಬಾಯಲ್ಲಿ ಕೊಳವೆ ನೆಟ್ಟಗಿತ್ತು. ಅವಳು ಹದಿನಾಲ್ಕು ಕಾಗದಕ್ಕೂ ಸಹಿ ಹಾಕಿದಳು. ಕಾಗದದಲ್ಲಿ ಗಡ್ಡ, ಕನ್ನಡಕ, ಕಿವಿ, ಎದೆನೋವು ಎಲ್ಲಕ್ಕೂ ಒಂದೊಂದು ಚೌಕವಿತ್ತು. ಹಲ್ಲಿಗಿರಲಿಲ್ಲ.

ಆ ದಿನ ಮನೆಯಲ್ಲಿ ತಲೆಗೆ ಎರಡೆರಡು ಮೊಟ್ಟೆ.

ಮುಂದಿನ ವಾರ ಒಂದು ಬೆಳಿಗ್ಗೆ ನಾಲ್ವರೂ ಟೀ ಕುಡಿಯುತ್ತ ಕುಳಿತಿದ್ದರು. ಮೂವರ ಲೋಟ ಖಾಲಿಯಾಯಿತು. ಮೇಸ್ತ್ರಿಯ ಲೋಟ ಕಿಟಕಿಯಲ್ಲಿ ಆರುತ್ತಿತ್ತು. ಒಲೆಯಿಂದ ಇಳಿಸಿದ ಟೀಯನ್ನು ಹಾಗೇ ಗಂಟಲಿಗೆ ಸುರಿದುಕೊಳ್ಳುತ್ತಿದ್ದ ಮನುಷ್ಯ ಅವನು.

"ಟೀ ಯಾಕೆ ಕುಡೀತಿಲ್ಲ ಅಪ್ಪ?"

"ಆರ್ಲಿ. ಬಿಸಿಗೆ ಅಂಟು ಬಿಡುತ್ತೆ."

"ಅದಕ್ಕೇ ನಾನು ಕಟ್ಟಿಸ್ಲಿಲ್ಲ," ಎಂದಳು ಅಜ್ಜಿ. "ಬಿಸಿ ಟೀ ಇಲ್ದೆ ಹಲ್ಲಿಟ್ಕೊಂಡು ಏನ್ಮಾಡ್ಲಿ?"

ಮಗಳ ಕೈಯಲ್ಲಿದ್ದ ಬ್ರೆಡ್ಡು ಅಲ್ಲೇ ನಿಂತಿತು. ಅಭ್ಯಾಸದ ಡಬ್ಬಿಯಲ್ಲಿ ಪುಡಿ ಇಲ್ಲ, ಬರುವುದು ಕೋಣೆಯ ತಣ್ಣನೆಯ ಗಾಳಿ. ನಿಜವಾದ ಡಬ್ಬಿ ಹಾಗಲ್ಲ. ಉಸಿರು ತಾಗಿದಷ್ಟೂ ಪುಡಿ ಕಾಯುತ್ತದೆ, ಗಾಳಿ ಒಣಗಿ ನಾಲಗೆ ಸುಡುತ್ತದೆ. ತರಬೇತಿಗೆ ಹೋದಾಗ ಅವಳೂ ಒಮ್ಮೆ ಅದನ್ನು ಕಚ್ಚಿದ್ದಳು. ಬಿಸಿಯಾಗುತ್ತದೆ, ಹೆದರಿ ಉಗಿಯಬೇಡಿ, ಬಿಸಿಯಾದರೆ ಡಬ್ಬಿ ಕೆಲಸ ಮಾಡುತ್ತಿದೆ ಎಂದರ್ಥ ಎಂದು ಪ್ರತಿ ಡ್ರಿಲ್ಲಿನಲ್ಲೂ ತಾನೇ ಹೇಳುತ್ತಿದ್ದಳು. ತನ್ನ ಬಾಯಲ್ಲಿ ಹಲ್ಲಿತ್ತು, ಹಾಗಾಗಿ ಹೊಳೆಯಲಿಲ್ಲ.

ನಾಲ್ಕು ದಿನ ಅವಳು ಯಾರಿಗೂ ಹೇಳಲಿಲ್ಲ. ಪಾಳಿ ಶುರುವಾದಾಗ ಕಿಟಕಿಯಿಂದ ಅಪ್ಪನಿಗೆ ಡಬ್ಬಿ ಕೊಡುವಳು, ಮುಗಿದಾಗ ತೆಗೆದುಕೊಳ್ಳುವಳು, ನಡುವಿನ ಎಂಟು ಗಂಟೆ ಏನು ಮಾಡಿದಳೆಂದು ಅವಳಿಗೇ ನೆನಪಿರುತ್ತಿರಲಿಲ್ಲ. ಮನೆಯಲ್ಲಿ ಊಟಕ್ಕೆ ಕುಳಿತು ಅನ್ನ ಕೆದಕುತ್ತಿದ್ದಳು. ಐದನೇ ದಿನ, ವಾಯಿದೆ ತೀರಿ ಕಾರ್ಖಾನೆಗೆ ವಾಪಸ್ ಹೋಗಬೇಕಿದ್ದ ಡಬ್ಬಿಗಳಲ್ಲಿ ಒಂದನ್ನು ಕೈಚೀಲಕ್ಕೆ ಹಾಕಿಕೊಂಡು ಮನೆಗೆ ತಂದಳು. ಸಿಕ್ಕಿಬಿದ್ದರೆ ಕೆಲಸ ಹೋಗುತ್ತಿತ್ತು. ಅಷ್ಟು ಗೊತ್ತಿದ್ದೇ ತಂದಳು.

ರಜೆಯ ದಿನ, ಬೆಳಿಗ್ಗೆ ಹತ್ತು ಗಂಟೆ. ತಾರಸಿಯ ಮೇಲೆ ಬಟ್ಟೆ ಒಣಗುತ್ತಿತ್ತು. ಮಗಳು ಡಬ್ಬಿಯನ್ನು ಅಪ್ಪನ ಮುಂದಿಟ್ಟಳು.

"ಇದು ನಿಜವಾದ್ದು. ಒಂದೇ ಒಂದು ಸಲ ಅಪ್ಪ. ಇಪ್ಪತ್ತು ನಿಮಿಷ."

"ಪಾಸಾಗಿದೀನಲ್ಲ."

"ನನಗೋಸ್ಕರ."

ಮೇಸ್ತ್ರಿ ಮುಚ್ಚಳ ಕಿತ್ತ. ನೀರಿನ ಟ್ಯಾಂಕನ್ನು ಸುತ್ತುತ್ತ ಬಗ್ಗಿ ನಡೆಯತೊಡಗಿದ. ಅಜ್ಜಿ ಮೆಟ್ಟಿಲ ಮೇಲೆ ಕುಳಿತಿದ್ದಳು. ಅವತ್ತು ಹಳೆಯ ಲೆಕ್ಕ ತೆಗೆಯಲಿಲ್ಲ. ಹೆಂಡತಿ ಗಡಿಯಾರ ಹಿಡಿದು ನಿಂತಿದ್ದಳು. ಐದು ನಿಮಿಷಕ್ಕೆ ಮೇಸ್ತ್ರಿಯ ಮುಖ ಕೆಂಪಾಯಿತು. ಎಂಟಕ್ಕೆ ಕಟವಾಯಿಯಿಂದ ಜೊಲ್ಲು ಇಳಿಯಿತು. ಹತ್ತಕ್ಕೆ ಅವನ ಕೈ ತಾನಾಗಿ ಬಾಯಿಯ ಕಡೆ ಬಂತು, ಮಗಳು "ಕೈ ಕೆಳಗೆ" ಎಂದಳು, ಅವನು ಇಳಿಸಿದ. ಹನ್ನೊಂದನೇ ನಿಮಿಷದಲ್ಲಿ ಮೇಲಿನ ಸಾಲು ಪೂರಾ ಕಳಚಿ ನಾಲಗೆಗೆ ಅಡ್ಡ ಬಂತು. ಅವನು ಕೆಮ್ಮಿದ, ಓಕರಿಸಿದ, ಕೊಳವೆಯನ್ನೂ ಹಲ್ಲನ್ನೂ ಒಟ್ಟಿಗೆ ಉಗಿದು ಮಂಡಿಯೂರಿ ಕುಳಿತ.

ಹೆಂಡತಿ ಓಡಿಹೋಗಿ ಬೆನ್ನು ತಟ್ಟಿದಳು. ಹಾಗೆ ತಟ್ಟುತ್ತಲೇ ಮಗಳಿಗೆ ಬೈದಳು. "ಊರಿಗೆ ಉಪಕಾರಿ, ಮನೆಗೆ ಮಾರಿ ಕಣೇ ನೀನು. ನೆಮ್ಮದಿಯಾಗಿದ್ವಿ. ಯಾರು ಕೇಳಿದ್ರು ನಿನ್ನ ಇದನ್ನೆಲ್ಲ?"

"ಯಾರೂ ಕೇಳ್ಲಿಲ್ಲ. ಅದೇ ತಪ್ಪಾಗಿದ್ದು."

"ಈಗೇನು, ಸಹಿ ಅಳಿಸ್ತೀಯ?"

"ಅಳಿಸ್ತೀನಿ."

"ಏನಂತ ಬರೀತೀಯ?" ಎಂದ ಮೇಸ್ತ್ರಿ. ದನಿ ಒಡೆದಿತ್ತು, ಹಲ್ಲಿಲ್ಲದ ಬಾಯಿಂದ ಮಾತು ತೊದಲುತ್ತಿತ್ತು. "ಕಂಪನಿ ಡಬ್ಬಿ ಕದ್ದು ತಂದು ಮನೇಲಿ ನೋಡಿದೆ ಅಂತಾನಾ? ನನ್ನ ಜೊತೆ ನೀನೂ ಮನೇಲಿ ಕೂರು. ಇಬ್ರೂ ಆಲೂಗಡ್ಡೆ ಸುಲಿಯೋಣ."

ಮಗಳಿಗೆ ಅಳು ಬಂತು. ಬಿಸಿ ಆರುವ ತನಕ ಡಬ್ಬಿಯ ಹತ್ತಿರ ಕುಳಿತಿದ್ದು, ಆಮೇಲೆ ಹಳೆಯ ಟವೆಲಿನಲ್ಲಿ ಸುತ್ತಿಟ್ಟಳು.

ಮಧ್ಯಾಹ್ನದ ಊಟಕ್ಕೆ ನಾಲ್ವರೂ ಕುಳಿತರು. ಹೆಂಡತಿ ಎರಡನೇ ಸಲ ಬೇಳೆ ಬಡಿಸಲು ಬಂದವಳು ಸೌಟು ಹಿಡಿದೇ ನಿಂತಳು.

"ರೀ, ಹನ್ನೊಂದು ನಿಮಿಷಕ್ಕೆ ಎಲ್ಲೀವರೆಗೂ ಬರ್ಬಹುದು?"

"ಎರಡನೇ ಪಂಪಿನ ಹತ್ರ."

"ಅಲ್ಲೇನಿದೆ?"

"ಏನೂ ಇಲ್ಲ. ನೀರಿದೆ."

"ಅಲ್ಲಿಂದ ಮುಂದಕ್ಕೆ ಒಂಬತ್ತು ನಿಮಿಷ."

"ಹ್ಞೂಂ."

ಅವಳು ಬೇಳೆ ಬಡಿಸಿದಳು. ಮೇಸ್ತ್ರಿ ಉಣ್ಣಲಿಲ್ಲ. ಅಜ್ಜಿ ತಟ್ಟೆಯ ಮೇಲಿನಿಂದ ಕಣ್ಣೆತ್ತದೆ, "ಉಣ್ಣೋ," ಎಂದಳು, "ಅನ್ನ ಏನು ತಪ್ಪು ಮಾಡಿದೆ?"

ಮರುದಿನ ಮೇಸ್ತ್ರಿ ಎಂದಿನಂತೆ ಪಾಳಿಗೆ ಹೊರಟ. ಮಗಳು ಹತ್ತು ಹೆಜ್ಜೆ ಹಿಂದೆ ನಡೆದಳು. ಲ್ಯಾಂಪ್ ರೂಮಿನಲ್ಲಿ ಅವನ ಕಾಗದವನ್ನು ಹೊರತೆಗೆದು ಮೇಜಿನ ಮೇಲಿಟ್ಟುಕೊಂಡಳು. ಪೆನ್ನಿನ ಕ್ಯಾಪು ಬಿಚ್ಚಿದಳು, ಹಾಕಿದಳು, ಬಿಚ್ಚಿದಳು. ಏನು ಬರೆಯಬೇಕೆಂದು ಅವಳಿಗೆ ಗೊತ್ತಿರಲಿಲ್ಲ.

ಪಾಳಿಗೆ ಇಳಿಯುವ ಮೊದಲು ಹತ್ತು ನಿಮಿಷ ಎಲ್ಲರನ್ನೂ ಸುರಂಗದ ಬಾಯಲ್ಲಿ ನಿಲ್ಲಿಸಿ ಇಂಜಿನಿಯರು ಆ ದಿನದ ಕೆಲಸ ಹೇಳುವುದು ವಾಡಿಕೆ. ಕೊನೆಗೆ, ಯಾರಿಗಾದರೂ ಹೇಳುವುದಿದೆಯೇ ಎಂದು ಕೇಳುತ್ತಾರೆ. ಯಾರೂ ಏನೂ ಹೇಳುವುದಿಲ್ಲ, ಅದೂ ವಾಡಿಕೆಯೇ.

"ನಂದೊಂದಿದೆ," ಎಂದ ಮೇಸ್ತ್ರಿ.

ಅವನು ಹೆಲ್ಮೆಟ್ ತೆಗೆದು ಕಂಕುಳಲ್ಲಿಟ್ಟುಕೊಂಡ. ಎರಡು ಬೆರಳು ಬಾಯಿಗೆ ಹಾಕಿ ಮೇಲಿನ ಸಾಲನ್ನು ಕಳಚಿ ಅಂಗೈ ಮೇಲೆ ಹಿಡಿದ. ಹಿಂದಿನ ಸಾಲಿನಿಂದ ಒಬ್ಬ ಕಿಸಕ್ಕೆಂದ. ಮೇಸ್ತ್ರಿ ಅವನನ್ನು ನೋಡಲಿಲ್ಲ.

"ಇದಿಟ್ಕೊಂಡು ಡ್ರಿಲ್ಲು ಪಾಸಾದೆ. ತಣ್ಣನೆ ಗಾಳಿಗೆ ನಿಲ್ಲುತ್ತೆ. ಬಿಸಿಗೆ ನಿಲ್ಲಲ್ಲ. ನಿಜವಾದ ಡಬ್ಬಿ ಕಚ್ಚಿದ್ರೆ ಅರ್ಧ ದಾರೀಲಿ ಉಗೀತೀನಿ, ನನ್ನ ಹಿಂದೆ ಬೆಲ್ಟು ಹಿಡ್ದಿರೋ ಹದಿಮೂರು ಜನಾನೂ ಅಲ್ಲೇ ನಿಲ್ಲಿಸ್ತೀನಿ. ಅದಕ್ಕೆ ಇವತ್ತು ಒಳಗೆ ಬರಲ್ಲ."

ಇಂಜಿನಿಯರು ಲ್ಯಾಂಪ್ ರೂಮಿನ ಕಡೆ ತಿರುಗಿದರು. "ಏನಮ್ಮ, ಇವರನ್ನ ಪಾಸು ಮಾಡಿದ್ದು ನೀನೇ ತಾನೆ?"

"ಹೌದು ಸರ್. ನನ್ನ ತಪ್ಪು."

"ಅವಳು ಬಾಯಿ ತೆಗ್ಸಿ ನೋಡೋ ಚೌಕ ನಿಮ್ಮ ಕಾಗದದಲ್ಲಿ ಇಲ್ಲ ಸ್ವಾಮಿ," ಎಂದ ಮೇಸ್ತ್ರಿ. ಆಮೇಲೆ ತನ್ನವರ ಕಡೆ ತಿರುಗಿದ. "ಇನ್ಯಾರ್ಯಾರಿಗಿದೆ?"

ಯಾರೂ ಮಿಸುಕಲಿಲ್ಲ.

"ಇಷ್ಟು ವರ್ಷ ಜೊತೇಲಿ ಟೀ ಕುಡ್ದಿದೀನಿ. ಆರಿಸ್ಕೊಂಡು ಕುಡಿಯೋರು ಯಾರು ಅಂತ ನನಗೆ ಗೊತ್ತು. ಯಾಕೆ ಅಂತ ಗೊತ್ತಿರ್ಲಿಲ್ಲ, ಅಷ್ಟೆ. ನಾನಾಗಿ ಹೆಸರು ಹೇಳಲ್ಲ."

ಮಣ್ಣಿನ ಗಾಡಿ ಓಡಿಸುವವನು ಬೆನ್ನು ತಿರುಗಿಸಿ ನಿಂತ. ಮತ್ತೆ ಈ ಕಡೆ ತಿರುಗಿದಾಗ ಅವನ ಕೆನ್ನೆ ಒಳಕ್ಕೆ ಹೋಗಿತ್ತು, ಮುಷ್ಟಿ ಮುಚ್ಚಿತ್ತು. ಅವನ ಪಕ್ಕದ ವೆಲ್ಡರು ಕೂಡ ತೆಗೆದ. ಸಿಮೆಂಟು ಹೊಡೆಯುವವನು, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು, ನೆಲ ನೋಡುತ್ತ ತೆಗೆದ. "ಹೊಟ್ಟೆ ಮೇಲೆ ಹೊಡೆದ್ರಿ ಮೇಸ್ತ್ರಿ," ಎಂದ.

"ಹೊಡ್ದೆ ಕಣಪ್ಪ," ಎಂದ ಮೇಸ್ತ್ರಿ. "ನಂದಕ್ಕೂ ಹೊಡ್ಕೊಂಡಿದೀನಿ."

ಪಂಪ್ ನೋಡಿಕೊಳ್ಳುವವನು ಮಾತ್ರ ಬಾಯಿ ಬಿಗಿದುಕೊಂಡು ನೇರ ಲ್ಯಾಂಪ್ ರೂಮಿನ ಕಿಟಕಿಗೆ ಬಂದು ಕೈ ಚಾಚಿದ. ಮಗಳು ಅವನ ಡಬ್ಬಿಯನ್ನು ಎತ್ತಿಕೊಂಡಳು, ಕೊಡಲಿಲ್ಲ.

"ಅಣ್ಣ, ಬಾಯಿ ತೆಗೀರಿ."

"ಕೊಡಮ್ಮ. ಇಬ್ರು ಮಕ್ಕಳು ಓದ್ತಿದಾರೆ."

"ಗೊತ್ತಣ್ಣ. ತೆಗೀರಿ."

ಅವನು ಅವಳನ್ನೇ ನೋಡಿದ. ಡಬ್ಬಿ ಕಿಟಕಿ ದಾಟಲಿಲ್ಲ. ಕೊನೆಗೆ ಅವನೂ ತೆಗೆದ. ಮಗಳು ಐದು ಕಾಗದಗಳ ಮೇಲೂ ಗೀಟು ಎಳೆದು, ಪಕ್ಕದಲ್ಲಿ 'ಕಟ್ಟಿಸಿದ ಹಲ್ಲು' ಎಂದು ಬರೆದು ತನ್ನ ಸಹಿ ಹಾಕಿದಳು. ತಲೆಯಿಂದ ಕತ್ತಿನವರೆಗೆ ಮುಚ್ಚುವ, ಕಚ್ಚುವ ಅಗತ್ಯವೇ ಇಲ್ಲದ ಮುಸುಕಿನ ಡಬ್ಬಿಗಳೂ ಇವೆ, ತರಿಸಬೇಕೆಂದರೆ ಮೂರು ತಿಂಗಳಾದೀತು ಎಂದರು ಇಂಜಿನಿಯರು. ತರಿಸುತ್ತೇವೆ ಎನ್ನಲಿಲ್ಲ. ಮಗಳ ಕೈಗೆ, ವಿಚಾರಣೆ ಮುಗಿಯುವ ತನಕ ಮೂರು ದಿನ ಮನೆಯಲ್ಲಿರಬೇಕೆಂಬ ಚೀಟಿ ಬಂತು.

ಅವಳು ಮನೆ ಮುಟ್ಟುವಾಗ ಹತ್ತೂವರೆ. ಹೆಂಡತಿ ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ಮಗಳ ಮುಖ ನೋಡಿ ಕಾಲು ನಿಲ್ಲಿಸಿದಳು.

"ನಿಮ್ಮಪ್ಪ ಎಲ್ಲಿ?"

"ಬರ್ತಿದಾರೆ. ಇನ್ನೂ ನಾಲ್ಕು ಜನ ಜೊತೇಲಿದಾರೆ. ಅವ್ರಿಗೂ ಕಟ್ಟಿಸಿದ ಹಲ್ಲೇ ಅಮ್ಮ. ಐದೂ ಜನ ಹೊರಗೆ."

"ಅಪ್ಪ ಹೇಳಿದ್ರಾ?"

"ಅಪ್ಪಾನೇ ಹೇಳಿದ್ರು. ಎಲ್ಲರ ಮುಂದೆ."

ಹೆಂಡತಿ ಬಟ್ಟೆಯ ಅಂಚನ್ನು ಬೆರಳಿನಿಂದ ತೀಡಿದಳು. "ಆ ನಾಲ್ಕು ಜನ ಇಲ್ಲಿಗ್ಯಾಕೆ? ಅವರವರ ಮನೆ ಇಲ್ವಾ?"

"ಗೇಟಿನ ಹತ್ರಾನೇ ನಿಂತ್ಬಿಟ್ಟಿದ್ರು. ಈ ಹೊತ್ತಲ್ಲಿ ಮನೆಗೆ ಹೋಗಿ ಹೆಂಡ್ತಿಗೆ ಏನಂತ ಹೇಳೋದು ಅಂತ ಒಬ್ರಿಗೂ ಗೊತ್ತಿಲ್ಲ. ಅಪ್ಪ ಅಂದ್ರು, ನನ್ನ ಹೆಂಡ್ತಿಗೆ ನಿನ್ನೇನೇ ಗೊತ್ತಾಗಿದೆ, ಬೈದ್ಳು, ಆಮೇಲೆ ಊಟಕ್ಕಿಟ್ಳು, ಬಂದು ನೋಡಿ ಅಂತ."

ಅಜ್ಜಿ ಒಳಗಿನಿಂದ, "ಯಾರ್ಯಾರು ಬರ್ತಾರಂತೆ?" ಎಂದು ಕೇಳಿದಳು.

ಹೆಂಡತಿ ಎದ್ದು ಅಡುಗೆಮನೆಗೆ ಹೋದಳು. ಎಂಟು ಜನಕ್ಕಾಗುವಷ್ಟು ಅಕ್ಕಿ ತೊಳೆದು ಪಾತ್ರೆಗೆ ಸುರಿದಳು. ಅಕ್ಕಿಗೆ ತಕ್ಕಷ್ಟು ನೀರು ಹಾಕಿದಳು. ಮುಚ್ಚಳ ಎತ್ತಿಕೊಂಡವಳು ಅದನ್ನು ಕೆಳಗಿಟ್ಟು, ಅನ್ನ ಮೆತ್ತಗಾಗಲೆಂದು ಇನ್ನೂ ಎರಡು ಲೋಟ ಹಾಕಿದಳು.